ಹುಲ್ಲುಹಾಸು ಕಡುಹಸಿರಾಗಬೇಕಾದರೆ ಮೊದಲು ತಿಳಿಯಬೇಕಾದದ್ದು

ಪ್ರಶ್ನೆ: ಮನೆಯ ಮುಂದೆ ಸುಮಾರು 40 ಚದರ ಮೀಟರ್ ಜಾಗದಲ್ಲಿ ಹುಲ್ಲುಹಾಸು ಬೆಳೆಸಿದ್ದೇವೆ. ಹುಲ್ಲು ಒಣಗಿಲ್ಲ, ಆದರೆ ಬಣ್ಣ ಸದಾ ಹಳದಿ ಬೆರೆತ ತಿಳಿಹಸಿರು. ಪ್ರತಿದಿನ ಸಂಜೆ ನೀರು ಹಾಯಿಸುತ್ತೇವೆ, ವಾರಕ್ಕೊಮ್ಮೆ ನೆಲಮಟ್ಟಕ್ಕೆ ಕತ್ತರಿಸಿ ಹುಲ್ಲನ್ನು ಗುಡಿಸಿ ಹೊರಹಾಕುತ್ತೇವೆ. ಯೂರಿಯಾ ಹಾಕಿದರೆ ಹತ್ತು ಹದಿನೈದು ದಿನ ಚೆನ್ನಾಗಿ ಹಸಿರಾಗಿ ಮತ್ತೆ ಹಳೆಯ ಬಣ್ಣಕ್ಕೇ ಬರುತ್ತದೆ. ಗೋಡೆಯ ಉದ್ದಕ್ಕಿರುವ ಪಟ್ಟಿಯಲ್ಲಂತೂ ಯೂರಿಯಾದಿಂದ ಏನೂ ಪ್ರಯೋಜನವಾಗಿಲ್ಲ. ಕೆಲವರು ಅನ್ನಭೇದಿ ಸಿಂಪಡಿಸಿ ಎನ್ನುತ್ತಾರೆ, ಕೆಲವರು ಎಪ್ಸಮ್ ಉಪ್ಪು ಎನ್ನುತ್ತಾರೆ. ಯಾವುದನ್ನು ಮಾಡಬೇಕು?

ಉತ್ತರ: ನೀವು ಗಮನಿಸಿ ಬರೆದಿರುವ ಎರಡು ಸಂಗತಿಗಳು ಬಹಳ ಬೆಲೆಯುಳ್ಳವು. ಹುಲ್ಲುಹಾಸಿನ ಬಹುಭಾಗ ಯೂರಿಯಾಕ್ಕೆ ಸ್ಪಂದಿಸುತ್ತದೆ, ಆದರೆ ಆ ಹಸಿರು ನಿಲ್ಲುವುದಿಲ್ಲ. ಗೋಡೆಯ ಪಕ್ಕದ ಪಟ್ಟಿ ಯೂರಿಯಾಕ್ಕೆ ಸ್ಪಂದಿಸುವುದೇ ಇಲ್ಲ. ಹಾಗಾದರೆ ನಿಮ್ಮಲ್ಲಿರುವುದು ಒಂದೇ ಬಗೆಯ ಹಳದಿಯಲ್ಲ, ಎರಡು ಬಗೆಯ ಹಳದಿ. ಮೊದಲನೆಯದಕ್ಕೆ ಸಾರಜನಕ ಸಾಲದಿರುವುದು ಕಾರಣವೆಂದು ಬಹುಮಟ್ಟಿಗೆ ಹೇಳಬಹುದು. ಎರಡನೆಯದರಲ್ಲಿ ಹುಲ್ಲಿಗೆ ಕಬ್ಬಿಣ ಸಿಗುತ್ತಿಲ್ಲವೆಂಬ ಅನುಮಾನ ಬಲವಾಗಿದೆ. ಎರಡಕ್ಕೂ ಒಂದೇ ಮದ್ದು ಹುಡುಕಿದ್ದರಿಂದಲೇ ಇಷ್ಟು ದಿನ ಫಲ ಸಿಕ್ಕಿಲ್ಲ.

ಎಲೆಗೆ ಹಸಿರು ಬಣ್ಣ ಕೊಡುವುದು ಪತ್ರಹರಿತ್ತು. ಅದರ ಪ್ರತಿಯೊಂದು ಅಣುವಿನ ನಡುವೆ ಒಂದು ಮೆಗ್ನೀಸಿಯಂ ಪರಮಾಣುವಿದ್ದು, ಅದನ್ನು ನಾಲ್ಕು ಸಾರಜನಕ ಪರಮಾಣುಗಳು ಸುತ್ತುವರಿದಿರುತ್ತವೆ. ಕಬ್ಬಿಣ ಆ ಅಣುವಿನ ಭಾಗವಲ್ಲ, ಆದರೆ ಕಬ್ಬಿಣವಿಲ್ಲದೆ ಸಸ್ಯವು ಪತ್ರಹರಿತ್ತನ್ನು ತಯಾರಿಸಲಾರದು. ಆದ್ದರಿಂದ ಈ ಮೂರರಲ್ಲಿ ಯಾವುದು ಕಡಿಮೆಯಾದರೂ ಎಲೆ ಹಳದಿಯಾಗುತ್ತದೆ. ಹಳದಿಯಾಗುವ ರೀತಿ ಮಾತ್ರ ಬೇರೆ. ಸಾರಜನಕ ಸಸ್ಯದೊಳಗೆ ಸುಲಭವಾಗಿ ಸಂಚರಿಸುವ ಪೋಷಕಾಂಶ. ಕೊರತೆಯಾದಾಗ ಸಸ್ಯವು ಅದನ್ನು ಹಳೆಯ ಎಲೆಗಳಿಂದ ತೆಗೆದು ಚಿಗುರಿಗೆ ಕಳಿಸುತ್ತದೆ. ಹಾಗಾಗಿ ಕೆಳಗಿನ ಹಳೆಯ ಎಲೆಗಳು ಮೊದಲು ಪೂರ್ತಿಯಾಗಿ ಪೇಲವವಾಗುತ್ತವೆ, ಹುಲ್ಲಿನ ಬೆಳವಣಿಗೆಯೂ ನಿಧಾನವಾಗುತ್ತದೆ. ಕಬ್ಬಿಣ ಹಾಗೆ ಸಂಚರಿಸುವುದಿಲ್ಲ. ಅದು ಕಡಿಮೆಯಾದಾಗ ಹಳೆಯ ಎಲೆಗಳು ಹಸಿರಾಗಿಯೇ ಉಳಿದು, ಹೊಸದಾಗಿ ಬಂದ ಎಲೆಗಳಲ್ಲಿ ನರಗಳು ಹಸಿರಾಗಿದ್ದು ನರಗಳ ನಡುವಿನ ಭಾಗ ಹಳದಿಯಾಗಿ ಉದ್ದುದ್ದ ಗೆರೆಗಳು ಕಾಣುತ್ತವೆ. ಕೊರತೆ ತೀವ್ರವಾದರೆ ಚಿಗುರು ಹೆಚ್ಚುಕಡಿಮೆ ಬಿಳಿಯೇ ಆಗಿಬಿಡುತ್ತದೆ. ಬೆಳಗಿನ ಬೆಳಕಿನಲ್ಲಿ ಹುಲ್ಲುಹಾಸಿನ ನಡುಭಾಗದಿಂದ ಒಂದು ಕುಡಿಯನ್ನೂ ಗೋಡೆಯ ಪಕ್ಕದಿಂದ ಒಂದು ಕುಡಿಯನ್ನೂ ಬುಡಸಮೇತ ಕಿತ್ತು, ಭೂತಗನ್ನಡಿಯಿಂದ ಪಕ್ಕಪಕ್ಕದಲ್ಲಿಟ್ಟು ನೋಡಿ. ಈ ವ್ಯತ್ಯಾಸ ಕಂಡರೆ ಮುಂದಿನ ದಾರಿ ಅರ್ಧ ತಿಳಿದಂತೆಯೇ.

ಉಳಿದರ್ಧಕ್ಕೆ ಒಂದು ಸಣ್ಣ ಪ್ರಯೋಗ ಮಾಡಿ ಎಂಬುದು ನನ್ನ ಒತ್ತಾಯದ ಸಲಹೆ, ಏಕೆಂದರೆ ಕಣ್ಣಿಗೆ ಕಂಡದ್ದು ಕೆಲವೊಮ್ಮೆ ತಪ್ಪು ದಾರಿ ಹಿಡಿಸುತ್ತದೆ. ನಡುಭಾಗದಲ್ಲಿ ಮೂರು, ಗೋಡೆಯ ಪಕ್ಕದಲ್ಲಿ ಮೂರು, ಹೀಗೆ ಒಂದೊಂದು ಚದರ ಮೀಟರಿನ ಚೌಕಗಳನ್ನು ಗೂಟ ನೆಟ್ಟು ಗುರುತಿಸಿ. ಎರಡೂ ಕಡೆ ಒಂದು ಚೌಕಕ್ಕೆ 5 ಗ್ರಾಂ ಯೂರಿಯಾ ಹಾಕಿ ನೀರು ಕೊಡಿ, ಇನ್ನೊಂದಕ್ಕೆ 1 ಗ್ರಾಂ ಅನ್ನಭೇದಿಯನ್ನು (ಇದು ಕಬ್ಬಿಣದ ಲವಣ) 200 ಮಿಲಿಲೀಟರ್ ನೀರಿನಲ್ಲಿ ಕರಗಿಸಿ ಎಲೆಗಳ ಮೇಲೆ ಸಿಂಪಡಿಸಿ, ಮೂರನೆಯದನ್ನು ಹಾಗೆಯೇ ಬಿಡಿ. ಕಬ್ಬಿಣವೇ ಕೊರತೆಯಾಗಿದ್ದರೆ ಎರಡು ಮೂರು ದಿನಗಳಲ್ಲೇ ಬಣ್ಣ ಬದಲಾಗುವುದು ಕಾಣುತ್ತದೆ. ಸಾರಜನಕಕ್ಕೆ ಒಂದು ವಾರದಷ್ಟು ಸಮಯ ಬೇಕು. ಕಬ್ಬಿಣದಿಂದಲೂ ಸಾರಜನಕದಿಂದಲೂ ಏನೂ ಬದಲಾಗದಿದ್ದರೆ ತೊಂದರೆ ಬೇರು, ನೀರು ಅಥವಾ ರೋಗದಲ್ಲಿದೆಯೆಂದು ತಿಳಿದು ಗೊಬ್ಬರದ ಯೋಚನೆಯನ್ನೇ ಬಿಡಬೇಕು. ನಾಯಿ ಮೂತ್ರ ಮಾಡಿದ ಕಡೆ ನಡುವೆ ಹುಲ್ಲು ಸುಟ್ಟು ಸುತ್ತಲೂ ಕಡುಹಸಿರಿನ ಉಂಗುರವೆದ್ದಿದ್ದರೆ ಅದೂ ಒಂದು ಸಾಕ್ಷಿ: ನಡುವೆ ಸಾರಜನಕವೂ ಲವಣವೂ ಅತಿಯಾಗಿ ಹುಲ್ಲು ಸತ್ತಿದೆ, ಅಂಚಿನಲ್ಲಿ ತಕ್ಕಷ್ಟು ಸಿಕ್ಕಿ ಹುಲ್ಲು ಹಸಿರಾಗಿದೆ, ಉಳಿದೆಡೆ ಸಾರಜನಕ ಸಾಲದು.

ಈಗ ನಡುಭಾಗದ ವಿಷಯ. ಯೂರಿಯಾದ ಹಸಿರು ಏಕೆ ನಿಲ್ಲುವುದಿಲ್ಲ? ಯೂರಿಯಾದಲ್ಲಿ ಶೇಕಡಾ 46ರಷ್ಟು ಸಾರಜನಕವಿದೆ, ಅದೆಲ್ಲ ಬಹುಬೇಗ ಕರಗುವಂಥದ್ದು. ನೆಲದ ಮೇಲೆ ಹಾಗೆಯೇ ಬಿದ್ದಿದ್ದರೆ ಅದರ ಒಂದು ಭಾಗ ಅಮೋನಿಯಾ ಅನಿಲವಾಗಿ ಗಾಳಿಗೆ ಹೋಗುತ್ತದೆ. ಮಣ್ಣಿಗಿಳಿದದ್ದು ಕೆಲವೇ ದಿನಗಳಲ್ಲಿ ಅಮೋನಿಯಂ ಆಗಿ, ಅಲ್ಲಿಂದ ನೈಟ್ರೇಟ್ ಆಗುತ್ತದೆ. ನೈಟ್ರೇಟ್ ಮಣ್ಣಿನ ಕಣಗಳಿಗೆ ಅಂಟಿಕೊಳ್ಳುವುದಿಲ್ಲ. ನೀವು ದಿನವೂ ಹಾಯಿಸುವ ನೀರಿನೊಡನೆ ಬೇರಿನ ಕೆಳಗೆ ಇಳಿದುಹೋಗುತ್ತದೆ. ಹುಲ್ಲು ಹೀರಿಕೊಂಡ ಪಾಲಿನಿಂದ ಎಲೆಗಳು ಒಮ್ಮೆಲೇ ನೀಳವಾಗಿ ಬೆಳೆಯುತ್ತವೆ, ಆ ಎಲೆಗಳನ್ನು ನೀವು ಕತ್ತರಿಸಿ ಹೊರಹಾಕುತ್ತೀರಿ. ಹೀಗೆ ಮೂರು ದಾರಿಗಳಲ್ಲಿ ಸಾರಜನಕ ಸೋರಿಹೋಗುತ್ತಿರುವಾಗ ಹದಿನೈದು ದಿನಕ್ಕಿಂತ ಹೆಚ್ಚು ಕಾಲ ಹಸಿರು ಉಳಿದಿದ್ದರೇ ಆಶ್ಚರ್ಯವಾಗುತ್ತಿತ್ತು.

ಇದಕ್ಕೆ ಯೂರಿಯಾದ ಪ್ರಮಾಣವನ್ನು ಹೆಚ್ಚಿಸುವುದು ಪರಿಹಾರವಲ್ಲ. ಒಂದೇ ಸಲಕ್ಕೆ ಒಂದು ಚದರ ಮೀಟರಿಗೆ 5 ಗ್ರಾಂ ಶುದ್ಧ ಸಾರಜನಕಕ್ಕಿಂತ ಹೆಚ್ಚು ಕೊಡಬಾರದೆಂಬುದು ಹುಲ್ಲುಹಾಸಿನ ಕೆಲಸದಲ್ಲಿ ಎಲ್ಲೆಡೆ ಪಾಲಿಸುವ ಮಿತಿ. ಬೇಗ ಕರಗುವ ಗೊಬ್ಬರವಾದರೆ ಅದರ ಅರ್ಧದಲ್ಲೇ ನಿಲ್ಲುವುದು ಕ್ಷೇಮ. ಲೆಕ್ಕ ಹಾಕಿದರೆ ಚದರ ಮೀಟರಿಗೆ 5 ಗ್ರಾಂ ಯೂರಿಯಾ, ಅಂದರೆ ನಿಮ್ಮ ಇಡೀ ಹುಲ್ಲುಹಾಸಿಗೆ 200 ಗ್ರಾಂ. ಇದನ್ನು ಒಣ ಮರಳಿನೊಂದಿಗೆ ಬೆರೆಸಿ, ಅರ್ಧವನ್ನು ಉದ್ದಕ್ಕೂ ಉಳಿದರ್ಧವನ್ನು ಅಡ್ಡಕ್ಕೂ ನಡೆಯುತ್ತ ಎರಚಿದರೆ ಸಮನಾಗಿ ಬೀಳುತ್ತದೆ. ಪಟ್ಟೆ ಪಟ್ಟೆಯಾಗಿ ಹಸಿರೇಳುವುದು ತಪ್ಪುತ್ತದೆ. ಎಲೆಗಳು ಒಣಗಿರುವಾಗ ಎರಚಿ, ಕೂಡಲೇ ಚದರ ಮೀಟರಿಗೆ 8ರಿಂದ 10 ಲೀಟರ್ ನೀರು ಕೊಟ್ಟು ಗೊಬ್ಬರವನ್ನು ಮಣ್ಣಿಗಿಳಿಸಿ. ಬೆಳವಣಿಗೆಯ ಕಾಲದಲ್ಲಿ ನಾಲ್ಕರಿಂದ ಆರು ವಾರಗಳ ಅಂತರದಲ್ಲಿ ಇದೇ ಪ್ರಮಾಣವನ್ನು ಮತ್ತೆ ಕೊಡಬಹುದು. ಗಂಧಕದ ಲೇಪನವಿರುವ ಯೂರಿಯಾದಂತಹ ನಿಧಾನವಾಗಿ ಕರಗುವ ಗೊಬ್ಬರ ಸಿಕ್ಕರೆ ಅದೇ ಮೇಲು; ಬೆಲೆ ಹೆಚ್ಚಾದರೂ ಬಣ್ಣ ಏರಿಳಿಯುವುದಿಲ್ಲ, ಹುಲ್ಲು ಹುಚ್ಚಾಗಿ ಬೆಳೆಯುವುದೂ ಇಲ್ಲ. ಅತಿಯಾದ ಸಾರಜನಕದಿಂದ ಬಂದ ಹಸಿರು ನೋಡಲು ಚೆಂದವಾದರೂ ಅಂತಹ ಹುಲ್ಲಿನ ಎಲೆ ಮೆತುವಾಗಿರುತ್ತದೆ, ಬೇರು ಆಳಕ್ಕಿಳಿಯುವುದಿಲ್ಲ, ಕಂದುಮಚ್ಚೆಯಂತಹ ಶಿಲೀಂಧ್ರ ರೋಗಗಳು ಬೇಗ ತಗಲುತ್ತವೆ. ಮಣ್ಣಿನಿಂದ ಸೋರಿದ ನೈಟ್ರೇಟ್ ಅಂತರ್ಜಲಕ್ಕೆ ಸೇರುತ್ತದೆಂಬುದನ್ನೂ ಮರೆಯಬಾರದು.

ಗೊಬ್ಬರಕ್ಕಿಂತ ಮೊದಲು ನಿಮ್ಮ ಕತ್ತರಿಸುವ ಕ್ರಮ ಬದಲಾಗಬೇಕು. ನೆಲಮಟ್ಟಕ್ಕೆ ಕತ್ತರಿಸುವುದೇ ನಿಮ್ಮ ಹುಲ್ಲುಹಾಸು ಪೇಲವವಾಗಿ ಕಾಣಲು ಒಂದು ನೇರ ಕಾರಣ. ಹುಲ್ಲಿನ ಹಸಿರೆಲ್ಲ ಮೇಲಿನ ಎಲೆಗಳಲ್ಲಿರುತ್ತದೆ. ಬುಡದ ಕಾಂಡಗಳು ನೆರಳಿನಲ್ಲೇ ಇದ್ದು ಬಿಳಿಚಿಕೊಂಡಿರುತ್ತವೆ. ತೀರಾ ತಗ್ಗಿಸಿ ಕತ್ತರಿಸಿದಾಗ ಕಣ್ಣಿಗೆ ಬೀಳುವುದು ಆ ಕಾಂಡಗಳು. ಹಸಿರು ಎಲೆ ಕಡಿಮೆಯಾದಾಗ ಆಹಾರ ತಯಾರಿಕೆಯೂ ಕುಗ್ಗುತ್ತದೆ, ಬೇರುಗಳು ಮೊಟಕಾಗುತ್ತವೆ, ಮೊಟಕು ಬೇರು ನೀರನ್ನೂ ಪೋಷಕಾಂಶವನ್ನೂ ಮೇಲ್ಪದರದಿಂದಷ್ಟೇ ಎತ್ತಬಲ್ಲದು. ಗರಿಕೆ ಜಾತಿಯ ಹುಲ್ಲನ್ನು 2.5ರಿಂದ 4 ಸೆಂಟಿಮೀಟರ್ ಎತ್ತರದಲ್ಲಿಯೂ, ಜೋಯ್ಸಿಯಾವನ್ನು 2.5ರಿಂದ 5 ಸೆಂಟಿಮೀಟರ್ ಎತ್ತರದಲ್ಲಿಯೂ, ಟಾಲ್ ಫೆಸ್ಕ್ಯೂ ಜಾತಿಯನ್ನು 7 ಸೆಂಟಿಮೀಟರ್ ಅಥವಾ ಅದಕ್ಕಿಂತ ತುಸು ಹೆಚ್ಚಿನ ಎತ್ತರದಲ್ಲಿಯೂ ಉಳಿಸಿಕೊಳ್ಳಬೇಕು. ಯಾವ ಹುಲ್ಲೇ ಆದರೂ ಒಂದು ಸಲಕ್ಕೆ ಅದರ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. ಈಗ ನೆಲಕ್ಕಂಟಿರುವ ಹುಲ್ಲನ್ನು ಕೆಲವು ವಾರಗಳಲ್ಲಿ ಹಂತಹಂತವಾಗಿ ಎತ್ತರಿಸಿ. ಇದೊಂದರಿಂದಲೇ ಬಣ್ಣ ಎಷ್ಟು ಗಾಢವಾಗುತ್ತದೆಂಬುದನ್ನು ನೋಡಿದ ಮೇಲೆ ಗೊಬ್ಬರದ ಚೀಲವನ್ನು ಬಿಚ್ಚುವ ಅವಸರ ನಿಮಗೂ ಕಡಿಮೆಯಾದೀತು.

ಯಂತ್ರದ ಅಲಗನ್ನೂ ಪರೀಕ್ಷಿಸಿ. ಮೊಂಡಾದ ಅಲಗು ಎಲೆಯನ್ನು ಕತ್ತರಿಸುವ ಬದಲು ಹರಿಯುತ್ತದೆ. ಹರಿದ ತುದಿಗಳು ಒಂದೆರಡು ದಿನಗಳಲ್ಲಿ ಒಣಗಿ, ದೂರದಿಂದ ನೋಡಿದಾಗ ಇಡೀ ಹುಲ್ಲುಹಾಸಿನ ಮೇಲೆ ಬೂದುಬಣ್ಣದ ತೆಳು ಪೊರೆ ಹಾಸಿದಂತೆ ಕಾಣುತ್ತದೆ. ಬಣ್ಣ ಕೆಟ್ಟಿದೆಯೆಂದು ಗೊಬ್ಬರ ಹಾಕಿದವರಲ್ಲಿ ಎಷ್ಟೋ ಮಂದಿಗೆ ನಿಜವಾಗಿ ಬೇಕಾಗಿದ್ದದ್ದು ಸಾಣೆ ಹಿಡಿದ ಅಲಗು.

ಕತ್ತರಿಸಿದ ಹುಲ್ಲನ್ನು ಗುಡಿಸಿ ಹೊರಹಾಕುವುದನ್ನು ದಯವಿಟ್ಟು ನಿಲ್ಲಿಸಿ. ಒಣಗಿದ ಹುಲ್ಲಿನ ತೂಕದಲ್ಲಿ ಸುಮಾರು ಶೇಕಡಾ 3ರಿಂದ 4ರಷ್ಟು ಸಾರಜನಕವೂ, ಸುಮಾರು ಶೇಕಡಾ 2ರಷ್ಟು ಪೊಟ್ಯಾಸಿಯಂ ಕೂಡ ಇರುತ್ತದೆ. ಅದನ್ನು ಅಲ್ಲಿಯೇ ಬಿಟ್ಟರೆ ಬೇಗ ಕೊಳೆತು, ವರ್ಷದ ಸಾರಜನಕದ ಅಗತ್ಯದಲ್ಲಿ ಸುಮಾರು ಕಾಲುಭಾಗವನ್ನು ಮಣ್ಣಿಗೆ ಮರಳಿಸುತ್ತದೆ. ಕತ್ತರಿಸಿದ ಹುಲ್ಲು ಬುಡದಲ್ಲಿ ಜಡ್ಡುಗಟ್ಟುತ್ತದೆಂಬ ಭಯ ಬಹಳ ಜನರಲ್ಲಿದೆ. ಬುಡದಲ್ಲಿ ಕಟ್ಟುವ ಆ ಕಂದು ಪದರ ಮುಖ್ಯವಾಗಿ ನಿಧಾನವಾಗಿ ಕೊಳೆಯುವ ಕಾಂಡ ಮತ್ತು ಬೇರುಗಳಿಂದ ಆಗುವಂಥದ್ದು. ನೀರಿನಂಶವೇ ಹೆಚ್ಚಿರುವ ಎಳೆಯ ಎಲೆತುದಿಗಳಿಂದಲ್ಲ. ಮೂರನೇ ಒಂದು ಭಾಗದ ನಿಯಮ ಪಾಲಿಸಿದರೆ ತುಂಡುಗಳು ಚಿಕ್ಕದಾಗಿದ್ದು ಸಂದುಗಳಲ್ಲಿ ಇಳಿದುಬಿಡುತ್ತವೆ. ಮಳೆಗಾಲದಲ್ಲಿ ಹುಲ್ಲು ಉದ್ದವಾಗಿ ಬೆಳೆದು ಗುಪ್ಪೆಯಾಗಿ ಬಿದ್ದಾಗ ಮಾತ್ರ ಅದನ್ನು ಎತ್ತಿ ಕಾಂಪೋಸ್ಟ್ ಗುಂಡಿಗೆ ಹಾಕಿ.

ನೀರಿನ ವಿಷಯದಲ್ಲಿ ಕಾಳಜಿಯೇ ಹೆಚ್ಚಾಗಿದೆ. ದಿನವೂ ಸ್ವಲ್ಪ ಸ್ವಲ್ಪ ನೀರು ಕೊಟ್ಟರೆ ಬೇರು ಮೇಲ್ಪದರದಲ್ಲೇ ಉಳಿಯುತ್ತದೆ, ಮಣ್ಣಿನ ಸಂದುಗಳಲ್ಲಿ ಗಾಳಿಯಾಡುವುದಿಲ್ಲ, ಗಾಳಿಯಿಲ್ಲದ ಬೇರು ಪೋಷಕಾಂಶವಿದ್ದರೂ ಹೀರಲಾರದು. ಸಂಜೆ ನೀರು ಹಾಕಿದರೆ ಎಲೆ ರಾತ್ರಿಯಿಡೀ ಒದ್ದೆಯಾಗಿದ್ದು ಶಿಲೀಂಧ್ರಗಳಿಗೆ ಅನುಕೂಲವಾಗುತ್ತದೆ. ಮಳೆಯಿಲ್ಲದ ವಾರದಲ್ಲಿ ಸಾಮಾನ್ಯವಾಗಿ 25 ಮಿಲಿಮೀಟರ್ ನೀರು ಸಾಕು, ಅಂದರೆ ಒಂದು ಚದರ ಮೀಟರಿಗೆ 25 ಲೀಟರ್. ಇದನ್ನು ಎರಡು ಕಂತುಗಳಲ್ಲಿ ಬೆಳಗಿನ ಜಾವ ಕೊಡಿ. ತುಂತುರು ನಳಿಕೆಯಿದ್ದರೆ ನೇರ ಅಂಚಿನ ನಾಲ್ಕೈದು ಖಾಲಿ ಡಬ್ಬಿಗಳನ್ನು ಅಲ್ಲಲ್ಲಿ ಇಟ್ಟು ಎಷ್ಟು ಹೊತ್ತಿಗೆ ಎಷ್ಟು ನೀರು ಬೀಳುತ್ತದೆಂದು ಅಳೆಯಬಹುದು, ಎಲ್ಲೆಡೆ ಸಮನಾಗಿ ಬೀಳುತ್ತಿದೆಯೇ ಎಂಬುದೂ ಗೊತ್ತಾಗುತ್ತದೆ. ನೀರು 15 ಸೆಂಟಿಮೀಟರ್ ಆಳದವರೆಗೆ ಇಳಿದಿರಬೇಕು. ಮಣ್ಣು ತೀರಾ ಮರಳಾಗಿದ್ದರೆ ಕಂತುಗಳನ್ನು ಮೂರು ಮಾಡಿ. ಹುಲ್ಲಿಗೆ ನೀರು ಬೇಕಾದಾಗ ಅದರ ಬಣ್ಣ ನೀಲಿಬೂದಿಗೆ ತಿರುಗುತ್ತದೆ, ನಡೆದುಹೋದ ಹೆಜ್ಜೆಯ ಗುರುತು ಬೇಗ ಮಾಯವಾಗುವುದಿಲ್ಲ. ಆ ಲಕ್ಷಣ ಕಂಡ ದಿನ ನೀರು ಕೊಡುವುದು ಕ್ಯಾಲೆಂಡರ್ ನೋಡಿ ಕೊಡುವುದಕ್ಕಿಂತ ಒಳ್ಳೆಯ ಕ್ರಮ.

ಇನ್ನು ಗೋಡೆಯ ಪಟ್ಟಿ. ಕಟ್ಟಡ ಕಟ್ಟುವಾಗ ಬಿದ್ದ ಗಾರೆ, ಸಿಮೆಂಟು, ಸುಣ್ಣದ ಚೂರುಗಳು ಗೋಡೆಯ ಬುಡದ ಮಣ್ಣಿನಲ್ಲಿ ಸೇರಿಕೊಂಡು ಅಲ್ಲಿನ ರಸಸಾರವನ್ನು (ಮಣ್ಣು ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಎಂಬುದರ ಅಳತೆ, ಪಿಎಚ್) ಏರಿಸಿರುವುದು ಸಾಮಾನ್ಯ. ಹೆಚ್ಚಿನ ಹುಲ್ಲುಗಳಿಗೆ ಹಿತವಾದ ರಸಸಾರ 6ರಿಂದ 7. ಅದಕ್ಕಿಂತ ಮೇಲೇರಿದಂತೆ ಮಣ್ಣಿನಲ್ಲಿರುವ ಕಬ್ಬಿಣ ಕರಗದ ರೂಪಕ್ಕೆ ತಿರುಗುತ್ತದೆ. ರಸಸಾರ ಒಂದು ಅಂಕ ಏರಿದರೆ ಮಣ್ಣಿನ ನೀರಿನಲ್ಲಿ ಕರಗಿರುವ ಫೆರಿಕ್ ಕಬ್ಬಿಣದ ಅಯಾನುಗಳು ಸಾವಿರ ಪಟ್ಟು ಕಡಿಮೆಯಾಗುತ್ತವೆ. ಮಣ್ಣಿನಲ್ಲಿ ಕಬ್ಬಿಣ ಬೇಕಾದಷ್ಟಿದ್ದೂ ಹುಲ್ಲು ಕಬ್ಬಿಣವಿಲ್ಲದೆ ಬಳಲುವುದು ಹೀಗೆ. ಒಂದು ಹಿಡಿ ಒಣ ಮಣ್ಣಿನ ಮೇಲೆ ವಿನೆಗರ್ ಸುರಿಯಿರಿ. ನೊರೆಯೆದ್ದು ಗುಳ್ಳೆ ಬಂದರೆ ಸುಣ್ಣವಿದೆಯೆಂದರ್ಥ. ಖಚಿತವಾದ ಸಂಖ್ಯೆ ಬೇಕಾದರೆ ಆ ಪಟ್ಟಿಯ ಮಣ್ಣನ್ನು ನಡುಭಾಗದ ಮಣ್ಣಿನೊಂದಿಗೆ ಬೆರೆಸದೆ ಪ್ರತ್ಯೇಕವಾಗಿ ಪರೀಕ್ಷೆಗೆ ಕೊಡಿ. ಬೆರೆಸಿ ಕೊಟ್ಟರೆ ಬರುವ ಸರಾಸರಿ ಅಂಕ ಎರಡು ಜಾಗಗಳಿಗೂ ಅನ್ವಯಿಸುವುದಿಲ್ಲ.

ಅಲ್ಲಿ ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್, ಕೆಲಸ ಮಾಡುತ್ತದೆ, ಆದರೆ ಎಲೆಗಳ ಮೇಲೆ ಸಿಂಪಡಿಸಿದಾಗ ಮಾತ್ರ. ಸುಣ್ಣವಿರುವ ಮಣ್ಣಿಗೆ ಸುರಿದರೆ ಅದೂ ಬೇಗನೆ ಕರಗದ ರೂಪಕ್ಕೆ ತಿರುಗಿ ವ್ಯರ್ಥವಾಗುತ್ತದೆ. ಒಂದು ಲೀಟರ್ ನೀರಿಗೆ 5 ಗ್ರಾಂ ಕರಗಿಸಿ 5 ಚದರ ಮೀಟರ್ ಜಾಗಕ್ಕೆ ಸಣ್ಣ ಹನಿಗಳಾಗಿ ಸಿಂಪಡಿಸಿ. ದ್ರಾವಣವನ್ನು ಅಂದಂದೇ ಬಳಸಬೇಕು, ಇಟ್ಟರೆ ಗಾಳಿಯೊಡನೆ ಸೇರಿ ತುಕ್ಕಿನ ಬಣ್ಣದ ಗಸಿಯಾಗುತ್ತದೆ. ಬಿಸಿಲು ಬಲಿತ ಹೊತ್ತಿನಲ್ಲಾಗಲಿ, ಹುಲ್ಲು ನೀರಿಲ್ಲದೆ ಬಾಡಿರುವಾಗಲಿ ಸಿಂಪಡಿಸಬೇಡಿ. ಪ್ರಮಾಣ ಹೆಚ್ಚಾದರೆ ಎಲೆ ಕಪ್ಪಾಗುತ್ತದೆ. ಕಲ್ಲುಹಾಸು, ಗೋಡೆ, ಮೆಟ್ಟಿಲುಗಳ ಮೇಲೆ ಬಿದ್ದ ಹನಿಗಳನ್ನು ಆಗಲೇ ತೊಳೆಯದಿದ್ದರೆ ತುಕ್ಕಿನ ಕಲೆ ಶಾಶ್ವತವಾಗಿ ಉಳಿದುಬಿಡುತ್ತದೆ. ನಿಮ್ಮ ಪಟ್ಟಿ ಗೋಡೆಗೆ ತಾಗಿಯೇ ಇರುವುದರಿಂದ ಒಂದು ರಟ್ಟನ್ನು ಅಡ್ಡ ಹಿಡಿದು ಸಿಂಪಡಿಸಿ. ಹೀಗೆ ಬಂದ ಹಸಿರು ಎರಡರಿಂದ ನಾಲ್ಕು ವಾರ ಇರುತ್ತದೆ, ಏಕೆಂದರೆ ಕಬ್ಬಿಣ ಸೇರಿದ ಎಲೆಗಳು ಕತ್ತರಿಸಿ ಹೋದ ಮೇಲೆ ಹೊಸ ಚಿಗುರು ಮತ್ತೆ ಹಳದಿಯಾಗಿಯೇ ಬರುತ್ತದೆ. ಹೆಚ್ಚು ಕಾಲದ ಪರಿಹಾರ ಬೇಕೆಂದರೆ ಮಣ್ಣಿಗೆ ಕೊಡುವ ಚಿಲೇಟ್ ಕಬ್ಬಿಣವನ್ನು, ಅಂದರೆ ಬೇರೊಂದು ಅಣು ಹಿಡಿದಿಟ್ಟು ಕರಗಿದ ರೂಪದಲ್ಲೇ ಉಳಿಸುವ ಕಬ್ಬಿಣವನ್ನು, ಬಳಸಬಹುದು. ಇದನ್ನು ಕೊಳ್ಳುವಾಗ ಚೀಟಿಯನ್ನು ಓದಲೇಬೇಕು: ಇಡಿಟಿಎ ರೂಪದ್ದು ರಸಸಾರ 6.5 ದಾಟಿದ ಮೇಲೆ ಹೆಚ್ಚು ನಿಲ್ಲುವುದಿಲ್ಲ, ಡಿಟಿಪಿಎ ರೂಪದ್ದು ಸುಮಾರು 7.5ರವರೆಗೆ ನಿಲ್ಲುತ್ತದೆ, ಸುಣ್ಣದ ಮಣ್ಣಿನಲ್ಲಿ ನಿಜವಾಗಿ ಉಳಿಯುವುದು ಇಡಿಡಿಎಚ್‌ಎ ರೂಪದ್ದು.

ಗಂಧಕ ಹಾಕಿ ರಸಸಾರವನ್ನೇ ಇಳಿಸಬಹುದಲ್ಲವೇ ಎಂದು ನೀವು ಕೇಳಬಹುದು. ಸುಣ್ಣದ ಚೂರಿಲ್ಲದೆ ರಸಸಾರ ತುಸು ಏರಿದ ಮಣ್ಣಿನಲ್ಲಿ ಅದು ಸಾಧ್ಯ, ತಿಂಗಳುಗಟ್ಟಲೆ ಕಾಯಬೇಕು ಅಷ್ಟೇ. ಸುಣ್ಣವಿರುವ ಮಣ್ಣಿನಲ್ಲಿ ಲೆಕ್ಕ ಕೈಗೂಡುವುದಿಲ್ಲ. ಒಂದು ಚದರ ಮೀಟರ್ ಜಾಗದಲ್ಲಿ 10 ಸೆಂಟಿಮೀಟರ್ ಆಳದ ಮಣ್ಣು ಸುಮಾರು 130 ಕಿಲೋ ತೂಗುತ್ತದೆ. ಅದರಲ್ಲಿ ಶೇಕಡಾ 1ರಷ್ಟು ಸುಣ್ಣದ ಕಾರ್ಬೊನೇಟ್ ಇದ್ದರೂ ಅದು 1.3 ಕಿಲೋ; ಅದನ್ನು ತಟಸ್ಥಗೊಳಿಸಲು 400 ಗ್ರಾಂಗೂ ಹೆಚ್ಚು ಗಂಧಕ ಬೇಕು. ಬೆಳೆದು ನಿಂತ ಹುಲ್ಲಿಗೆ ಒಂದು ಸಲಕ್ಕೆ 20 ಗ್ರಾಂಗಿಂತ ಹೆಚ್ಚು ಹಾಕಿದರೆ ಸುಡುವ ಅಪಾಯವಿದೆ. ಅದಕ್ಕಿಂತ ಆ ಪಟ್ಟಿಯಲ್ಲಿ ಯೂರಿಯಾದ ಬದಲು ಚದರ ಮೀಟರಿಗೆ 11 ಗ್ರಾಂ ಅಮೋನಿಯಂ ಸಲ್ಫೇಟ್ ಕೊಟ್ಟು ತಕ್ಷಣ ನೀರು ಹಾಯಿಸುವುದು ವಿವೇಕದ ಮಾರ್ಗ. ಅದರಲ್ಲಿರುವ ಶೇಕಡಾ 21ರಷ್ಟು ಸಾರಜನಕದ ಜೊತೆಗೆ ಬೇರಿನ ಸುತ್ತ ತುಸು ಆಮ್ಲೀಯತೆಯೂ ಹುಟ್ಟುತ್ತದೆ. ಪಟ್ಟಿ ಕಿರಿದಾಗಿದ್ದರೆ ಒಂದು ರಜೆಯ ದಿನ ಆ ಹುಲ್ಲನ್ನು ಹೆಂಟೆ ಹೆಂಟೆಯಾಗಿ ಎತ್ತಿ, ಗಾರೆ ಚೂರುಗಳಿರುವ ಮಣ್ಣನ್ನು 15 ಸೆಂಟಿಮೀಟರ್ ಆಳದವರೆಗೆ ತೆಗೆದು ಹೊಸ ಮಣ್ಣು ತುಂಬಿ ಮತ್ತೆ ಹುಲ್ಲು ಕೂರಿಸುವುದೇ ಎಲ್ಲಕ್ಕಿಂತ ಉತ್ತಮವೆಂಬುದು ನನ್ನ ಅಭಿಪ್ರಾಯ. ಇಷ್ಟು ಸಣ್ಣ ಜಾಗಕ್ಕೆ ವರ್ಷ ವರ್ಷವೂ ಮದ್ದು ಸಿಂಪಡಿಸುತ್ತ ಕೂರಬೇಕಾಗಿಲ್ಲ.

ಎಪ್ಸಮ್ ಉಪ್ಪು ಮೆಗ್ನೀಸಿಯಂ ಸಲ್ಫೇಟ್. ಮಣ್ಣು ಪರೀಕ್ಷೆಯಲ್ಲಿ ಮೆಗ್ನೀಸಿಯಂ ಕೊರತೆಯೆಂದು ಬಂದರೆ ಅದು ಸರಿಯಾದ ಮದ್ದು, ಇಲ್ಲದಿದ್ದರೆ ಅದರಿಂದ ಹಸಿರು ಹೆಚ್ಚುವುದಿಲ್ಲ.

ಮಣ್ಣು ಗಟ್ಟಿಯಾಗಿದೆಯೇ ಎಂಬುದನ್ನೂ ನೋಡಿ. ನೀರು ಕೊಟ್ಟ ಮರುದಿನ ಉದ್ದನೆಯ ತಿರುಪುಳಿಯನ್ನು ನೆಲಕ್ಕೆ ಒತ್ತಿದಾಗ ಸಲೀಸಾಗಿ ಇಳಿಯದಿದ್ದರೆ ಬೇರೂ ಇಳಿಯುತ್ತಿಲ್ಲ. ಟೊಳ್ಳು ಹಲ್ಲುಗಳ ಉಪಕರಣದಿಂದ 5ರಿಂದ 8 ಸೆಂಟಿಮೀಟರ್ ಆಳದ ಮಣ್ಣಿನ ತುಣುಕುಗಳನ್ನು ಹೊರತೆಗೆದು, ಜರಡಿ ಹಿಡಿದ ಮಾಗಿದ ಕಾಂಪೋಸ್ಟನ್ನು ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಹರಡಿ ಪೊರಕೆಯಿಂದ ರಂಧ್ರಗಳಿಗೆ ತಳ್ಳಬೇಕು. ಕಾಂಪೋಸ್ಟ್ ಮಾಗಿರಲೇಬೇಕು, ಅರೆಬೆಂದ ಕಾಂಪೋಸ್ಟನ್ನೋ ಮರದ ಹೊಟ್ಟು ಬೆರೆತದ್ದನ್ನೋ ಹಾಕಿದರೆ ಅದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಬಳಸಿಕೊಂಡು ಹುಲ್ಲನ್ನು ಇನ್ನಷ್ಟು ಹಳದಿ ಮಾಡುತ್ತವೆ.

ಇವೆಲ್ಲವನ್ನೂ ಒಂದೇ ವಾರದಲ್ಲಿ ಮಾಡಬೇಡಿ. ಮೊದಲು ಚೌಕಗಳ ಪ್ರಯೋಗ ಮುಗಿಸಿ, ಅದರ ಜೊತೆಗೇ ಕತ್ತರಿಸುವ ಎತ್ತರ ಮತ್ತು ನೀರಿನ ಕ್ರಮವನ್ನು ಸರಿಪಡಿಸಿ. ಒಂದು ತಿಂಗಳ ಬಳಿಕ ಉಳಿದ ಹಳದಿಗೆ ತಕ್ಕಷ್ಟು ಗೊಬ್ಬರ ಕೊಡಿ. ಹುಲ್ಲು ಬೆಳೆಯದೆ ಮಲಗಿರುವ ಕಾಲದಲ್ಲಿ ಏನನ್ನೂ ಹಾಕಬೇಡಿ: ಗರಿಕೆ, ಜೋಯ್ಸಿಯಾದಂತಹ ಬೆಚ್ಚಗಿನ ಹವೆಯ ಹುಲ್ಲುಗಳು ಚಳಿಯಲ್ಲಿಯೂ, ಫೆಸ್ಕ್ಯೂ, ಕೆಂಟಕಿ ಬ್ಲೂಗ್ರಾಸ್‌ನಂತಹ ತಂಪು ಹವೆಯ ಹುಲ್ಲುಗಳು ಸುಡುಬೇಸಿಗೆಯ ಬರದಲ್ಲಿಯೂ ಬಣ್ಣಗೆಡುವುದು ಸಹಜ, ಆಗ ಕೊಟ್ಟ ಸಾರಜನಕದಿಂದ ಅವಕ್ಕೆ ಹಾನಿಯೇ ಹೆಚ್ಚು.

ನಿಮ್ಮ ಹುಲ್ಲಿನ ಜಾತಿ ಯಾವುದೆಂದು ನೀವು ಬರೆದಿಲ್ಲ, ಅದನ್ನು ತಿಳಿದುಕೊಳ್ಳಿ. ಕೆಂಟಕಿ ಬ್ಲೂಗ್ರಾಸ್ ಸ್ವಭಾವತಃ ಕಡುಹಸಿರು. ಸೆಂಟಿಪೀಡ್ ಹುಲ್ಲಿನ ಸಹಜ ಬಣ್ಣವೇ ತಿಳಿಹಸಿರು. ಅದಕ್ಕೆ ವರ್ಷಕ್ಕೆ ಚದರ ಮೀಟರಿಗೆ 5 ಗ್ರಾಂ ಸಾರಜನಕವೇ ಸಾಕು, ಬಣ್ಣ ಏರಿಸಲೆಂದು ಹೆಚ್ಚು ಕೊಡುತ್ತಾ ಹೋದರೆ ಒಂದೆರಡು ವರ್ಷಗಳಲ್ಲಿ ಅಲ್ಲಲ್ಲಿ ಸಾಯತೊಡಗುತ್ತದೆ. ನಿಮ್ಮದು ಆ ಜಾತಿಯಾಗಿದ್ದರೆ ಮೇಲೆ ಹೇಳಿದ ಯೂರಿಯಾದ ಲೆಕ್ಕ ನಿಮಗಲ್ಲ. ಬಣ್ಣಕ್ಕಾಗಿ ಕಬ್ಬಿಣದ ಸಿಂಪಡಣೆಯನ್ನಷ್ಟೇ ಮಾಡಿ. ಗೋಡೆಯ ನೆರಳು ದಿನದ ಬಹುಪಾಲು ಬೀಳುವ ಕಡೆಯಲ್ಲೂ ಹೀಗೆಯೇ ಎಚ್ಚರ ಬೇಕು. ಗರಿಕೆಗೆ ದಿನಕ್ಕೆ ಆರು ತಾಸಾದರೂ ನೇರ ಬಿಸಿಲು ಬೇಕು. ಅಷ್ಟು ಸಿಗದಿದ್ದಲ್ಲಿ ಕತ್ತರಿಸುವ ಎತ್ತರವನ್ನು ಒಂದು ಸೆಂಟಿಮೀಟರ್ ಹೆಚ್ಚಿಸಿ, ಸಾರಜನಕವನ್ನು ಅರ್ಧಕ್ಕಿಳಿಸಿ. ಆಗಲೂ ಹುಲ್ಲು ತೆಳುವಾಗುತ್ತಲೇ ಹೋದರೆ ಆ ಜಾಗದಲ್ಲಿ ನೆರಳನ್ನು ತಾಳುವ ಬೇರೆ ಹುಲ್ಲನ್ನೋ ನೆಲಹಬ್ಬುವ ಗಿಡವನ್ನೋ ನೆಡುವುದು ಸರಿ.